ಗೌರಕ್ಕನಿಗೆ ನಾನು ಕೊಟ್ಟ ದನಿ

ಕೊರೊನಾ ಕಾಟ ಮುಗಿದ ಮೇಲಿನ ಎರಡನೆಯ ವರ್ಷ. ನಾನಾಗ ಜಮಖಂಡಿಯಲ್ಲಿ ಒಂದು ಟ್ರಸ್ಟ್ ನಡೆಸುತ್ತಿದ್ದ ಮಾನಸಿಕ ಆರೋಗ್ಯ ಕ್ಲಿನಿಕ್‌ನಲ್ಲಿ ಸಹಾಯಕ ಕೌನ್ಸೆಲರ್ ಆಗಿದ್ದೆ. ಹುದ್ದೆಯ ಹೆಸರು ದೊಡ್ಡದು, ಕೆಲಸ ಚಿಕ್ಕದು. ವಾರದಲ್ಲಿ ಕೆಲವು ದಿನ, ಯಜಮಾನರ ಮತ್ತು ಮಕ್ಕಳ ಡಬ್ಬಿ ಕಟ್ಟಿ ಕಳಿಸಿದ ಮೇಲೆ, ಅವರು ಮನೆಗೆ ಮರಳುವುದರೊಳಗೆ ಮುಗಿಯುವಂಥದ್ದು. ಹಳೆಯ ವಾಡೆಯೊಂದರ ಮೇಲಂತಸ್ತಿನಲ್ಲಿ ಎರಡು ಕೋಣೆ, ಒಂದು ಪಡಸಾಲೆ. ಬಂದವರನ್ನು ಕೂರಿಸಿ ನೀರು ಕೊಡುವುದು, ಅವರ ಮಾತು ಕೇಳಿಸಿಕೊಳ್ಳುವುದು, ಮಾತ್ರೆ ಸರಿಯಾಗಿ ತಗೊಳ್ಳುತ್ತಿದ್ದಾರೋ ಇಲ್ಲವೋ ವಿಚಾರಿಸುವುದು ನನ್ನ ಪಾಲಿನ ಕೆಲಸ. ಕಬ್ಬಿನ ಹಂಗಾಮಿನಲ್ಲಿ ಕೆಳಗಿನ ರಸ್ತೆಯಲ್ಲಿ ಕಬ್ಬು ಹೇರಿದ ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಹಾಡು ಹಾಕಿಕೊಂಡು ಹೋದಾಗ ನಮ್ಮ ಕಿಟಕಿಯ ಗಾಜು ಗುಯ್ಗುಡುತ್ತಿತ್ತು. ಆಗ ಒಳಗಿದ್ದವರೆಲ್ಲ ಮಾತು ನಿಲ್ಲಿಸಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದೆವು.

ನಾನು ಓದಿದ್ದು ಬೆಳಗಾವಿಯ ಕಾನ್ವೆಂಟ್‌ನಲ್ಲಿ. ಅಲ್ಲಿ ಸಿಸ್ಟರ್‌ಗಳು ಅಕ್ಷರಕ್ಕಿಂತ ಮೊದಲು ಮೆಲುದನಿ ಕಲಿಸಿದ್ದರು. ಧ್ವನಿ ಏರಿಸಿದ ಹುಡುಗಿಯನ್ನು ವರಾಂಡದಲ್ಲಿ ನಿಲ್ಲಿಸುತ್ತಿದ್ದರು. ಮದುವೆಯಾಗಿ ಜಮಖಂಡಿಗೆ ಬಂದ ಮೇಲೂ ನಾನು ಯಾರಿಗೂ ಗಟ್ಟಿಯಾಗಿ ಬೈದವಳಲ್ಲ. ಹಾಲಿನವನಿಗೆ ನೀರು ಹೆಚ್ಚಾಯಿತೆಂದು ಹೇಳಬೇಕಾದರೂ ನಮ್ಮ ಯಜಮಾನರನ್ನು ಮುಂದೆ ಮಾಡುತ್ತಿದ್ದೆ. ಇದನ್ನು ಇಲ್ಲಿ ಹೇಳುವ ಕಾರಣ ಮುಂದೆ ತಿಳಿಯುತ್ತದೆ.

ನಮ್ಮಲ್ಲಿಗೆ ಬರುವವರಲ್ಲಿ ಕೆಲವರಿಗೆ ದನಿ ಕೇಳಿಸುತ್ತಿತ್ತು. ವೈದ್ಯರು ಇದನ್ನು ಆಡಿಟರಿ ಹ್ಯಾಲುಸಿನೇಶನ್ ಎನ್ನುತ್ತಾರೆ. ಅಕ್ಕಪಕ್ಕ ಯಾರೂ ಇಲ್ಲದಿದ್ದರೂ ಯಾರೋ ಮಾತಾಡಿದ್ದು ಕೇಳುವುದು. ಮನಸ್ಸಿನಲ್ಲಿ ಅಂದುಕೊಂಡ ಹಾಗಲ್ಲ, ನಾವು ಬೀದಿಯ ಟ್ರ್ಯಾಕ್ಟರ್ ಹಾಡು ಕೇಳುವಷ್ಟೇ ಸ್ಪಷ್ಟವಾಗಿ, ಕಿವಿಯಿಂದಲೇ. ಮಾತ್ರೆಗಳಿಂದ ಬಹಳ ಜನರಿಗೆ ಅದು ತಗ್ಗುತ್ತದೆ. ಕೆಲವರಿಗೆ ಎಷ್ಟು ಮಾತ್ರೆ ಬದಲಿಸಿದರೂ ಹೋಗುವುದಿಲ್ಲ. ಬನಹಟ್ಟಿಯ ಪಾರವ್ವ ಅಂಥವರಲ್ಲಿ ಒಬ್ಬರು.

ಪಾರವ್ವ ಮೊದಲ ಸಲ ಬಂದಾಗ ಅವರ ತಲೆಗೂದಲಲ್ಲಿ ಹತ್ತಿಯ ನವಿರು ಎಳೆಗಳು ಸಿಕ್ಕಿಕೊಂಡಿದ್ದವು. ನೇಕಾರರ ಮನೆಯವರು ಎಷ್ಟು ಝಾಡಿಸಿದರೂ ಅವು ಹೋಗುವುದಿಲ್ಲ. ಐವತ್ತರ ಆಸುಪಾಸಿನ ಹೆಂಗಸು, ಹಣೆಗೆ ದೊಡ್ಡ ಕುಂಕುಮ, ಕೊರಳಲ್ಲಿ ತಾಳಿಯ ಪಕ್ಕ ಕರಿದಾರದಲ್ಲಿ ಒಂದು ಬೆಳ್ಳಿ ಬಿಲ್ಲೆ. ಎರಡನೆಯವಳಾಗಿ ಬಂದ ಹೆಂಡತಿ ತೀರಿಹೋದ ಮೊದಲನೆಯವಳ ಹೆಸರಿನಲ್ಲಿ ಇಂಥ ಬಿಲ್ಲೆ ಕಟ್ಟಿಕೊಳ್ಳುವುದು ನಮ್ಮ ಕಡೆ ಕೆಲವು ಮನೆಗಳ ರೂಢಿ. ಹೊಸ ಸೀರೆ ಬಂದರೆ ಮೊದಲು ಬಿಲ್ಲೆಗೆ ಮುಟ್ಟಿಸಿ ಆಮೇಲೆ ಉಡಬೇಕು. ಹಬ್ಬದ ಹೋಳಿಗೆಯೂ ಮೊದಲು ಅವಳಿಗೆ. ಪಾರವ್ವನ ಗಂಡ ಈರಪ್ಪನ ಮೊದಲ ಹೆಂಡತಿ ಗೌರವ್ವ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ಕೂಸೂ ಉಳಿದಿರಲಿಲ್ಲ. ಪಾರವ್ವ ಅವಳನ್ನು ಕಂಡೇ ಇಲ್ಲ. ಆದರೆ ಅವರ ಕಿವಿಯಲ್ಲಿ ಮಾತಾಡುತ್ತಿದ್ದವಳು ಅವಳೇ. ಪಾರವ್ವ ಅವಳನ್ನು ಗೌರಕ್ಕ ಅನ್ನುತ್ತಿದ್ದರು.

ಅಂದು ಜೊತೆಯಲ್ಲಿ ಈರಪ್ಪ ಇದ್ದರು, ಮುಧೋಳಕ್ಕೆ ಕೊಟ್ಟಿದ್ದ ಮಗಳು ಸವಿತಾ ಇದ್ದಳು. ಸವಿತಾ ಆರು ತಿಂಗಳ ಬಸುರಿ. ಮೆಟ್ಟಿಲು ಹತ್ತಿ ದಣಿದು, ಕುರ್ಚಿಯ ಅಂಚಿಗೆ ಕುಳಿತು, ನಾನು ಕೊಟ್ಟ ನೀರನ್ನು ಕುಡಿಯದೆ ಮೊದಲು ತಾಯಿಯ ಕೈಗಿಟ್ಟಳು.

"ಮಾತ್ರಿ ನುಂಗಿದ್ರ ನಿದ್ದಿ ಬರತೈತ್ರಿ. ಗೌರಕ್ಕ ಏನ ಹೋಗೂದಿಲ್ಲ," ಎಂದರು ಪಾರವ್ವ. "ಮಗ್ಗ ಓಡೂ ತನಕ ಹೆಂಗರ ಇರತಾಳ್ರಿ. ಕರೆಂಟ್ ಹೋಗಿ ಮಗ್ಗ ನಿಂತ್ವಂದ್ರ ಸುರು. ‘ನನ್ನ ಕೂಸ ಉಳೀಲಿಲ್ಲ, ನಿನಗ್ಯಾಕಲೇ ಕೂಸ? ನೀ ಮುಟ್ಟಿದ್ದ ಕೂಸ ಉಳಿಯಂಗಿಲ್ಲ’ ಅಂತಾಳ್ರಿ."

"ನಮ್ಮ ಊರಾಗ ಎಲ್ಲಾರೂ ಕರೆಂಟ್ ಹೋತಂದ್ರ ಸರಕಾರಕ್ಕ ಬೈತಾರ್ರಿ," ಎಂದು ಈರಪ್ಪ ನಗಲು ನೋಡಿದರು. "ನಮ್ಮ ಮನ್ಯಾಗ ಒಬ್ಬಾಕಿ ಬೈಸ್ಕೊಳ್ತಾಳ."

ಸವಿತಾ ಹುಟ್ಟಿದಾಗಲೇ ಆ ದನಿ ಶುರುವಾಗಿತ್ತಂತೆ. ಹೆತ್ತ ಮಗಳನ್ನು ಪಾರವ್ವ ಎತ್ತಿಕೊಳ್ಳಲಿಲ್ಲ, ಹಾಲೂಡಿಸುವಾಗ ಅತ್ತೆ ಕೂಸನ್ನು ಹಿಡಿದು ಎದೆಗೆ ಹಚ್ಚುತ್ತಿದ್ದರು. ಸವಿತಾ ಅಜ್ಜಿಯ ಕೈಯಲ್ಲಿ ಬೆಳೆದಳು. ಆಮೇಲೆ ಮಾತ್ರೆಯಿಂದ ದನಿ ಸಣ್ಣದಾಗಿ ಹಲವು ವರ್ಷ ಹೇಗೋ ನಡೆದಿತ್ತು. ಮಗಳು ಬಸುರಿ ಎಂಬ ಸುದ್ದಿ ಬಂದ ದಿನದಿಂದ ಗೌರಕ್ಕ ಮತ್ತೆ ಗಟ್ಟಿಯಾಗಿದ್ದಳು. ಚೊಚ್ಚಲ ಬಾಣಂತನ ತವರಲ್ಲೇ ಆಗಬೇಕು. ಅಜ್ಜಿ ಈಗ ಇಲ್ಲ. ಪಾರವ್ವನಿಗೋ ಮಗಳು ಮನೆಗೆ ಬರುವುದೇ ಬೇಡವಾಗಿತ್ತು.

"ಮುಧೋಳದಾಗ ಹಡೀಲಿ ಬಿಡ್ರಿ ಬಾಯಾರ," ಎಂದು ನನ್ನ ಕೈ ಹಿಡಿದರು. "ನಾ ದೂರ ಇದ್ರ ಕೂಸ ಉಳೀತೈತಿ."

ಸವಿತಾ ನೆಲ ನೋಡುತ್ತ ಹೇಳಿದಳು: "ನಮ್ಮವ್ವ ನನ್ನ ಎತಗೊಂಡಿದ್ದ ನನಗ ನೆನಪ ಇಲ್ರಿ. ಒಮ್ಮಿನೂ ಎತಗೊಂಡಿಲ್ಲಂತ. ನನ್ನ ಕೂಸನ್ನರ ಎತಗೊಳ್ಳಲಿ. ಅಷ್ಟ ಮಾಡ್ರಿ ನೀವು."

ಆ ದಿನ ನಮ್ಮ ಕ್ಲಿನಿಕ್‌ನ ಎದುರಿಗಿದ್ದ ಕೆಲಸ ಇಷ್ಟೇ. ಪಾರವ್ವ ಮೊಮ್ಮಗುವನ್ನು ಎತ್ತಿಕೊಳ್ಳಬೇಕು.

ನಮ್ಮ ಮನೋವೈದ್ಯೆ ಡಾಕ್ಟರ್ ಮೇದಿನಿ ಮೈಸೂರು ಕಡೆಯವರು, ಚಿಕ್ಕ ವಯಸ್ಸು, ವಾರಕ್ಕೊಮ್ಮೆ ಬರುತ್ತಿದ್ದರು. ಹೊರದೇಶಗಳಲ್ಲಿ ಪರೀಕ್ಷೆ ನಡೆಯುತ್ತಿದ್ದ ಒಂದು ಹೊಸ ಚಿಕಿತ್ಸೆಯ ಬಗ್ಗೆ ಅವರು ಓದಿಕೊಂಡಿದ್ದರು, ತರಬೇತಿಯನ್ನೂ ಪಡೆದಿದ್ದರು. ಅವತಾರ್ ಥೆರಪಿ ಎಂದು ಅದರ ಹೆಸರು. ಕಿವಿಯೊಳಗಿನ ದನಿಗೆ ಕಂಪ್ಯೂಟರ್ ಪರದೆಯ ಮೇಲೆ ಒಂದು ಮುಖ ಮಾಡುವುದು. ಆ ಮುಖ ಹೇಗಿರಬೇಕೆಂದು ರೋಗಿಯೇ ಹೇಳಬೇಕು. ಥೆರಪಿಸ್ಟ್ ಬೇರೆ ಕೋಣೆಯಲ್ಲಿ ಕುಳಿತು ಆ ಮುಖದ ಹಿಂದಿನಿಂದ ಮಾತಾಡುತ್ತಾರೆ. ಶುರುವಿಗೆ ದನಿ ಏನೇನು ಅನ್ನುತ್ತದೋ ಅದನ್ನೇ ಅನ್ನುತ್ತಾರೆ. ರೋಗಿ ಎದುರು ಮಾತಾಡಲು ಕಲಿಯುತ್ತಾರೆ. ಅವರು ಗಟ್ಟಿಯಾದಂತೆಲ್ಲ ಮುಖ ಮೆತ್ತಗಾಗುತ್ತ ಹೋಗುತ್ತದೆ. ಡಾಕ್ಟರ್ ತಮ್ಮ ಹಿರಿಯರ ಒಪ್ಪಿಗೆ ಪಡೆದರು. ಇದು ಇನ್ನೂ ಹೊಸದು, ಗ್ಯಾರಂಟಿ ಇಲ್ಲ, ಮಾತ್ರೆ ನಿಲ್ಲಿಸುವ ಹಾಗಿಲ್ಲ ಎಂದು ಮನೆಯವರಿಗೆ ಬಿಡಿಸಿ ಹೇಳಿದರು.

ಮುಖ ಮಾಡುವ ದಿನ ಸ್ವಲ್ಪ ನಗುವೂ ಇತ್ತು. ಪರದೆಯ ಮೇಲೆ ಮೂಗು ಬದಲಿಸಿದಷ್ಟೂ ಪಾರವ್ವ ತಲೆಯಾಡಿಸುವರು. "ಇಷ್ಟ ಚೂಪ ಅಲ್ರೀ. ಇದು ಪ್ಯಾಟಿ ಮೂಗ." ಕೊನೆಗೆ ಅಗಲ ಹಣೆ, ಗಿಡ್ಡ ಮೂಗು, ಬಲಕ್ಕೆ ನತ್ತು, ಹಸಿರು ಸೆರಗಿನ ಹೆಂಗಸೊಬ್ಬಳು ಮೂಡಿದಾಗ ಪಾರವ್ವ ಕುರ್ಚಿ ಹಿಂದಕ್ಕೆ ಸರಿಸಿದರು. ಕಾಣದವಳನ್ನು ಕಂಡಿದ್ದರು.

ತೊಡಕಾದದ್ದು ಮಾತಿನಲ್ಲಿ. ಡಾಕ್ಟರ್ ಪಕ್ಕದ ಕೋಣೆಯಿಂದ, "ಪಾರವ್ವ, ನೀನು ಆ ಮಗುನ ಮುಟ್ಟಬಾರದು," ಎಂದರು. ಪಾರವ್ವ ಒಂದು ಕ್ಷಣ ಕೇಳಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕುಬಿಟ್ಟರು.

"ಇಕಿ ನಮ್ಮಕ್ಕ ಅಲ್ರೀ. ಇಕಿ ಟೀವ್ಯಾಗ ಸುದ್ದಿ ಓದಾಕಿ."

ನಿಯಮದ ಪ್ರಕಾರ ರೋಗಿಗೆ ಧೈರ್ಯ ಹೇಳುವುದು, ದನಿಯಾಗಿ ಬೈಯುವುದು ಎರಡನ್ನೂ ಒಬ್ಬರೇ ಥೆರಪಿಸ್ಟ್ ಮಾಡಬೇಕು. ನಮ್ಮಲ್ಲಿ ಅದು ಆಗಲಿಲ್ಲ. ಡಾಕ್ಟರ್ ಪಾರವ್ವನ ಪಕ್ಕ ಕುಳಿತು ಧೈರ್ಯ ಕೊಡುವುದು, ನಾನು ಒಳಕೋಣೆಯಿಂದ ಗೌರಕ್ಕನಾಗುವುದು ಎಂದಾಯಿತು. ಮರೆಮಾಚಬಾರದೆಂದು ಡಾಕ್ಟರ್ ಮೊದಲೇ ಹೇಳಿದರು: "ಪಾರವ್ವ, ಮಾತಾಡೋದು ನಮ್ಮ ವಿದ್ಯಾ ಮೇಡಮ್ಮೇ. ಗೌರಕ್ಕನ ಮಾತು ಇವರ ಬಾಯಿಂದ ಬರುತ್ತೆ. ಗೊತ್ತಾಯ್ತಾ?"

"ಗೊತ್ತಾತ್ರಿ," ಎಂದರು ಪಾರವ್ವ. ನನ್ನನ್ನು ಬಹಳ ಹೊತ್ತು ನೋಡಿದರು. "ಬಾಯಾರಿಗೆ ತ್ರಾಸ ಆಗೂದಿಲ್ಲೇನ್ರಿ?"

"ಏನೂ ಆಗಲ್ಲ," ಎಂದರು ಡಾಕ್ಟರ್.

ಈ ಮಾತನ್ನು ಆಮೇಲೆ ಎಷ್ಟೋ ಸಲ ನೆನೆದಿದ್ದೇನೆ.

ನನ್ನ ಕನ್ನಡ ಕೂಡ ಪಾರವ್ವನಿಗೆ ಹಿಡಿಸಲಿಲ್ಲ. ಅವರೇ ನನಗೆ ಬೈಯಲು ಕಲಿಸಿದರು. "ಹಂಗಲ್ರೀ ಬಾಯಾರ. ನೀವು ಬೈದ್ರ ಸಾಲ್ಯಾಗ ಪ್ರಾರ್ಥನಾ ಹೇಳಿದಂಗ ಆಗತೈತಿ. ಹಲ್ಲ ಕಚ್ಚಿ ಅನ್ರಿ. ‘ಲೇ ಪಾರಿ, ನಾ ಹಚ್ಚಿದ ಒಲಿ ಮ್ಯಾಲ ಬೇಸ್ಕೊಂಡ ತಿನ್ನಾಕತ್ತೀಯಲ್ಲ, ಗಂಟಲಾಗ ಇಳೀತೈತೇನ?’ ಹಿಂಗ." ಹೇಳುವಾಗ ಅವರ ಮುಖ ಶಾಂತವಾಗಿತ್ತು. ಅಡುಗೆ ಹೇಳಿಕೊಡುವವರ ಹಾಗೆ, ಉಪ್ಪು ಎಷ್ಟು, ಖಾರ ಎಷ್ಟು ಎಂದು ತಮ್ಮ ನೋವಿನ ಮಾತುಗಳನ್ನು ಅಳೆದು ಕೊಟ್ಟರು. ಎಲ್ಲವೂ ಅವರಿಗೆ ಬಾಯಿಪಾಠ.

ಮನೆಯಲ್ಲಿ ರೊಟ್ಟಿ ಬಡಿಯುತ್ತ ಅಭ್ಯಾಸ ಮಾಡಿದೆ. ಬಡಿಯುವ ಸಪ್ಪಳದಲ್ಲಿ ಆ ಮಾತುಗಳು ಸರಾಗ ಬರುತ್ತಿದ್ದವು. ಒಂದು ಬೆಳಿಗ್ಗೆ ನಮ್ಮ ಯಜಮಾನರು ಪೇಪರ್ ಹಿಡಿದುಕೊಂಡೇ ಅಡುಗೆಮನೆಗೆ ಬಂದು, "ಯಾರ ಮ್ಯಾಲ ಇಷ್ಟ ಸಿಟ್ಟು? ನಾ ಏನರ ಮಾಡೇನೇನ?" ಎಂದು ಕೇಳಿದರು. ನಗು ಬಂತು. ಆದರೆ ಮೊದಲ ಸೆಷನ್ನಿನಲ್ಲಿ ಹೆಡ್‌ಫೋನ್ ಹಾಕಿಕೊಂಡು, ಚಿಕ್ಕ ಪರದೆಯಲ್ಲಿ ಪಾರವ್ವನ ಮುಖ ನೋಡುತ್ತ "ಲೇ ಪಾರಿ" ಎಂದಾಗ, ಅವರ ಎರಡೂ ಕೈ ತಾವಾಗಿ ಬೆನ್ನ ಹಿಂದೆ ಹೋದವು. ಕೂಸನ್ನು ಮುಟ್ಟದಂತೆ ಕೈಯನ್ನು ಹಿಂದೆ ಇಟ್ಟುಕೊಳ್ಳುವುದು ಅಷ್ಟು ವರ್ಷಗಳ ರೂಢಿ. ಅವರೇ ಕಲಿಸಿದ ಮುಂದಿನ ಮಾತನ್ನು ಹಲ್ಲು ಕಚ್ಚಿ ಅಂದೆ.

ಕೆಲವು ವಾರ ಹೀಗೇ ನಡೆಯಿತು. ಮೊದಮೊದಲು ಪಾರವ್ವ ತಲೆ ತಗ್ಗಿಸಿಯೇ ಕೇಳುತ್ತಿದ್ದರು. ಆಮೇಲೆ ಡಾಕ್ಟರ್ ಪಕ್ಕದಿಂದ "ಏನಾದ್ರೂ ಹೇಳಿ ಪಾರವ್ವ, ಅವರಿಗೆ ಉತ್ತರ ಕೊಡಿ" ಎನ್ನುವರು, ಇವರು ಸಣ್ಣ ದನಿಯಲ್ಲಿ "ಸಾಕ ಬಿಡಕ್ಕಾ" ಎನ್ನುವರು. ಒಂದು ದಿನ ನಾನು ಒಲೆಯ ಮಾತು ತೆಗೆದಾಗ ಪಾರವ್ವ ತಟ್ಟನೆ ತಲೆಯೆತ್ತಿದರು. "ಆ ಒಲಿ ಈಗ ಎಲ್ಲೈತಕ್ಕಾ? ಗ್ಯಾಸ್ ತಂದ ಎಷ್ಟ ವರ್ಸ ಆತು!" ಹೆಡ್‌ಫೋನಿನೊಳಗೆ ಡಾಕ್ಟರ್ ನಗು ತಡೆದದ್ದು ಕೇಳಿಸಿತು. ಅಂದು ಮೊದಲ ಸಲ ಗೌರಕ್ಕ ಸೋತಳು. ನಾನು ಸೋತೆ. ಮನೆಗೆ ಹೋಗುತ್ತ ಪೇಡೆ ಒಯ್ದೆ.

ಎಲ್ಲ ತಿರುಗಿದ್ದು ಇನ್ನೊಂದು ಸೆಷನ್ನಿನಲ್ಲಿ. ನಾನು ಆಡಬೇಕಾದ ಮಾತುಗಳನ್ನು ಡಾಕ್ಟರ್ ಒಂದು ಹಾಳೆಯಲ್ಲಿ ಬರೆದುಕೊಟ್ಟಿದ್ದರು. ಪಾರವ್ವ ನನಗೆ ಮಾತೆತ್ತಲು ಬಿಡಲಿಲ್ಲ. ಪರದೆಯ ಹತ್ತಿರ ಬಗ್ಗಿ, ಆ ಹಸಿರು ಸೆರಗಿನವಳನ್ನೇ ನೋಡುತ್ತ ಕೇಳಿದರು:

"ಅಕ್ಕಾ, ನಿನ್ನ ಕೂಸಿಗೆ ಯಾರರ ನೀರ ಎರದ್ರೇನ?"

ನಮ್ಮಲ್ಲಿ ಕೂಸಿಗೆ ನೀರು ಎರೆಯುವುದೆಂದರೆ ಬರೀ ಸ್ನಾನವಲ್ಲ. ಅಜ್ಜಿ ಮಣೆಯ ಮೇಲೆ ಕುಳಿತು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿ, ಎಣ್ಣೆ ತಿಕ್ಕಿ ಹದವಾದ ನೀರು ಹಾಕುವುದು. ಲೋಕಕ್ಕೆ ಬಂದವರನ್ನು ಕೈಯಿಂದ ಒಪ್ಪಿಕೊಳ್ಳುವ ಕೆಲಸ ಅದು. ಹಾಳೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ.

"ಇಲ್ಲವಾ," ಎಂದೆ. "ಯಾರೂ ಎರೀಲಿಲ್ಲ."

ಪಾರವ್ವ ಅತ್ತರು. ಗೌರಕ್ಕನಿಗಾಗಿ ಅತ್ತರು. ಅಷ್ಟು ವರ್ಷ ತಮ್ಮನ್ನು ಹಿಂಡಿದವಳಿಗಾಗಿ.

"ಹಂಗಾದ್ರ ಒಂದ ಮಾತ ಕೊಡತೇನಿ ತಗೋ. ಸವಿತಾನ ಕೂಸಿಗೆ ಎರಿಯಾಗ ಮೊದಲಿನ ತಂಬಗಿ ನೀರ ನಿನ್ನ ಕೂಸಿನ ಹೆಸರಲೆ ಬಚ್ಚಲದಾಗ ಹಾಕತೇನಿ. ದಿನಾ ಹಾಕತೇನಿ. ಆಮ್ಯಾಲ ನನ್ನ ಮುಟ್ಟಗೊಡು."

"ಆತು ಪಾರಿ," ಎಂದೆ. ಹಲ್ಲು ಕಚ್ಚಿ ಅಲ್ಲ. "ಎತ್ಗೋ."

ಮುಂದಿನ ಸೆಷನ್ನುಗಳಲ್ಲಿ ಗೌರಕ್ಕನಿಗೆ ಬೈಯಲು ಏನೂ ಉಳಿಯಲಿಲ್ಲ. ಮನೆಯಲ್ಲೂ ಕರೆಂಟ್ ಹೋದಾಗ ಬರೀ ಮಗ್ಗ ನಿಂತ ಮೌನ ಕೇಳುತ್ತದೆ ಎಂದು ಈರಪ್ಪ ಫೋನಿನಲ್ಲಿ ಹೇಳಿದರು. ಸವಿತಾ ಬನಹಟ್ಟಿಗೆ ಬಂದಳು. ಹೆಣ್ಣು ಕೂಸು ಹುಟ್ಟಿತು.

ನೋಡಲು ಹೋದೆ. ಓಣಿಯ ಎರಡೂ ಬದಿ ಮಗ್ಗಗಳ ಖಟಖಟ. ಅವರ ಮನೆಯ ಪಡಸಾಲೆಯಲ್ಲಿ ಎರಡು ಪಾವರ್‌ಲೂಮ್, ಒಂದರಲ್ಲಿ ಅರ್ಧ ನೇಯ್ದ ಕೆಂಪು ಸೆರಗಿನ ಸೀರೆ. ಹಿತ್ತಲ ಬಚ್ಚಲಲ್ಲಿ ಪಾರವ್ವ ಕಾಲು ಚಾಚಿ ಕುಳಿತಿದ್ದರು. ಕಾಲ ಮೇಲೆ ಎಣ್ಣೆ ಮಿರುಗುವ ಕೂಸು. ಮೊದಲ ತಂಬಿಗೆಯನ್ನು ಪಕ್ಕಕ್ಕೆ ಸುರಿದು ಹೆಸರಿಡುವ ಮೊದಲೇ ಹೋದ ಆ ಕೂಸಿಗೆ ಏನೋ ಒಂದು ಮಾತು ಅಂದರು. ಆಮೇಲೆ ತಮ್ಮ ಮುಂಗೈ ಮೇಲೆ ನೀರು ಹಾಕಿ ಹದ ನೋಡಿ, ಕೂಸಿನ ನೆತ್ತಿಯ ಮೇಲೆ ಅಂಗೈ ಅಡ್ಡ ಹಿಡಿದು ಎರೆದರು. ಕೂಸು ಚೀರಿತು. "ಅಳಬ್ಯಾಡ ನನ್ನವ್ವಾ, ಆತು, ಆತು," ಎಂದರು. ಬಾಗಿಲಲ್ಲಿ ನಿಂತಿದ್ದ ಸವಿತಾ ತಾಯಿಯ ಕೈಗಳನ್ನೇ ನೋಡುತ್ತಿದ್ದಳು. ಅವಳು ಒರೆಸಲು ಹಿಡಿದಿದ್ದ ಹಳೆ ಸೀರೆಯ ತುಂಡು ನೆಲಕ್ಕೆ ಇಳಿಬಿದ್ದು ನೆನೆಯುತ್ತಿದ್ದದ್ದು ಅವಳಿಗೆ ಗೊತ್ತಿರಲಿಲ್ಲ.

ನನ್ನ ಕೆಲಸದ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನ ಬಂದಿಲ್ಲ.

ಕೊನೆಯ ಸೆಷನ್ನಿಗೆ ಪಾರವ್ವ ಹೊಸ ಸೀರೆ ಉಟ್ಟು ಬಂದರು. ಪರದೆಯ ಮುಖಕ್ಕೆ ನಮಸ್ಕಾರ ಮಾಡಿದರು. ಆಮೇಲೆ ಒಳಕೋಣೆಗೆ ಬಂದು ನನ್ನನ್ನು ಮೂಡಣಕ್ಕೆ ಮುಖ ಮಾಡಿ ಕೂರಿಸಿ, ಅರಿಷಿಣ ಕುಂಕುಮ ಹಚ್ಚಿ, ಉಡಿ ತುಂಬಿದರು. ಅಕ್ಕಿ, ಕೊಬ್ಬರಿ ಬಟ್ಟಲು, ಬೆಲ್ಲ, ಉತ್ತತ್ತಿ, ಹಸಿರು ಖಣ. ತವರಿನಿಂದ ಹೆಣ್ಣುಮಗಳನ್ನು ಕಳಿಸುವಾಗ, ಊರಿನ ರೋಗ ಹೊರಗೆ ಹೋಗಲೆಂದು ಕಟ್ಟೆಯ ದೇವಿಯನ್ನು ಊರ ಗಡಿಗೆ ಕಳಿಸುವಾಗ ತುಂಬುವ ಉಡಿ. ನಾನು ಸೆರಗೊಡ್ಡಿದೆ. ಉಪಕಾರ ಸ್ಮರಣೆ ಎಂದುಕೊಂಡೆ. ಡಾಕ್ಟರ್ ಮೊಬೈಲಿನಲ್ಲಿ ಫೋಟೋ ತೆಗೆದರು. ಮನೆಗೆ ಬಂದು ಉಡಿ ಬಿಚ್ಚಿದಾಗ ಅಕ್ಕಿಯ ನಡುವೆ ಆ ಬೆಳ್ಳಿ ಬಿಲ್ಲೆ ಇತ್ತು. ಕರಿದಾರ ಸಮೇತ.

ಡಾಕ್ಟರಿಗೆ ತೋರಿಸಿದೆ. ಅವರ ಕಣ್ಣು ತುಂಬಿತು. "ನೋಡಿ ಮೇಡಂ, ಅವರಾಗೇ ಬಿಟ್ಟುಕೊಟ್ಟರು. ಇದಕ್ಕಿಂತ ಗುಣ ಇನ್ನೇನು ಬೇಕು?" ನನಗೂ ಹಾಗೇ ಅನಿಸಿತು. ಕ್ಲಿನಿಕ್‌ನ ಎಲ್ಲರಿಗೂ ಹಾಗೇ ಅನಿಸಿತು. ಬಿಲ್ಲೆಯನ್ನು ದೇವರ ಜಗುಲಿಯಲ್ಲಿಟ್ಟೆ. ಬಿಟ್ಟುಕೊಟ್ಟರು ಸರಿ, ಯಾರಿಗೆ ಕೊಟ್ಟರು ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ.

ಅದಾಗಿ ಸ್ವಲ್ಪ ದಿನಕ್ಕೆ ನನಗೆ ನೆಗಡಿ ಬಂದು, ಕೆಮ್ಮು ಹಿಡಿದು, ಒಂದು ಬೆಳಿಗ್ಗೆ ಎದ್ದಾಗ ದನಿ ಇರಲಿಲ್ಲ. ಬಾಯಿ ತೆರೆದರೆ ಬರೀ ಗಾಳಿ. ಬಾಗಲಕೋಟೆಯ ಗಂಟಲಿನ ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಧ್ವನಿತಂತುಗಳು ಬಾತಿವೆ ಎಂದರು. "ರೂಢಿ ಇಲ್ಲದ ದನಿಯಾಗ ಜೋರ ಮಾತಾಡೀರೇನ್ರಿ ಇತ್ತೀಚೆ?" ಎಂದು ಕೇಳಿದರು. ಹೌದೆಂದು ತಲೆಯಾಡಿಸಿದೆ. ಪೂರ್ತಿ ಮೌನ, ಪಿಸುಮಾತೂ ಬೇಡ, ತಾನಾಗಿ ಸರಿಹೋಗುತ್ತದೆ ಎಂದು ಹೇಳಿ ಕಳಿಸಿದರು. ಮನೆಯಲ್ಲಿ ಮಕ್ಕಳಿಗೆ ಖುಷಿಯೋ ಖುಷಿ. ಕೈಸನ್ನೆಯಲ್ಲೇ ಎಲ್ಲರನ್ನೂ ಗದರಿಸುತ್ತಿದ್ದೆ.

ಪಾರವ್ವ ತಿಂಗಳ ಮಾತ್ರೆಗೆಂದು ಬಂದದ್ದು ಆ ದಿನಗಳಲ್ಲಿ. ನಾನು ಕ್ಲಿನಿಕ್‌ಗೆ ಬಂದಿಲ್ಲವೆಂದು ತಿಳಿದು ವಿಳಾಸ ಕೇಳಿಕೊಂಡು ಮನೆಗೇ ಬಂದರು. ಒಬ್ಬರೇ. ಬಾಗಿಲು ತೆರೆದು ನಕ್ಕೆ, ಗಂಟಲು ತೋರಿಸಿ, ಕೈ ಆಡಿಸಿ ‘ಇಲ್ಲ’ ಎಂದೆ. ಪಾರವ್ವ ಹೊಸ್ತಿಲಲ್ಲೇ ನಿಂತರು.

"ಯಾವಾಗಿಂದ್ರಿ?"

ನಾನು ಬೆರಳಿನಿಂದ ಹಿಂದಕ್ಕೆ ತೋರಿಸಿದೆ. ಅವರು ಕುಳಿತುಕೊಳ್ಳಲಿಲ್ಲ. ಗೋಡೆಯ ಮೇಲಿನ ನನ್ನ ಮಕ್ಕಳ ಫೋಟೋ ನೋಡಿದರು. ಚಹಾ ಮಾಡಲು ಹೋದವಳನ್ನು ತಡೆದರು.

"ಬಾಯಾರ, ನಾ ಉಡ್ಯಾಗ ಹಾಕಿದ್ದ ಬಿಲ್ಲಿ ವಾಪಸ ಕೊಡ್ರಿ."

ಏಕೆಂದು ಕೇಳಲು ದನಿ ಇಲ್ಲ. ತವರಿನ ವಸ್ತುವಿನ ಹಾಗೆ ನೆನಪಿಗೆ ಬೇಕಾಗಿರಬಹುದು ಎಂದುಕೊಂಡು ತಂದುಕೊಟ್ಟೆ. ಪಾರವ್ವ ನನ್ನ ಜಗುಲಿಯ ಬಟ್ಟಲಿನಿಂದಲೇ ಅರಿಷಿಣ ತೆಗೆದು ನನ್ನ ಗಂಟಲಿಗೆ ಹಚ್ಚಿದರು. ಬೆರಳು ತಣ್ಣಗಿದ್ದವು. ಆಮೇಲೆ ನನ್ನ ಕಡೆ ನೋಡದೆ, ನನ್ನ ಕೊರಳನ್ನು ನೋಡುತ್ತ, ತಮ್ಮ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಉಡಿಯಂತೆ ಚಾಚಿ, "ಬಾರಕ್ಕಾ, ಮನಿಗೆ ಹೋಗೂಣು," ಎಂದರು.

ಬಾಗಿಲು ದಾಟುವಾಗಲೇ ಬಿಲ್ಲೆ ಅವರ ಕೊರಳಿಗೆ ಹೋಗಿತ್ತು. ಮೆಟ್ಟಿಲ ತನಕ ಓಡಿದೆ. ಕೂಗಲು ಬಾಯಿ ತೆರೆದೆ. ಗಾಳಿ ಬಂತು.

ಡಾಕ್ಟರಿಗೆ ಮೊಬೈಲಿನಲ್ಲಿ ಎಲ್ಲ ಬರೆದು ಕಳಿಸಿದೆ. ಆದರೆ ಅವರು ಬನಹಟ್ಟಿಗೆ ಹೋಗುವ ಮೊದಲೇ ಸವಿತಾಳ ಫೋನು ಬಂದಿತ್ತು. "ಮೇಡಂ, ಅವ್ವ ಕೂಸಿನ್ನ ಮುಟ್ಟವಲ್ಲಳ್ರಿ. ಕೈ ಹಿಂದ ಕಟಗೊಂಡ ನಿಂದರತಾಳ." ಇತ್ತ ನನ್ನ ದನಿ, ಗಂಟಲಿನ ಡಾಕ್ಟರು ಹೇಳಿದ್ದ ಹಾಗೆ ತಾನಾಗಿ, ಎಳೆ ಎಳೆಯಾಗಿ ಮರಳತೊಡಗಿತು. ಬೇರೆ ಯಾವ ಕಾಲದಲ್ಲಾದರೂ ಅದು ಸಂತೋಷದ ಸಂಗತಿ. ಪಾರವ್ವನ ಲೆಕ್ಕದಲ್ಲಿ ಅದೇ ಸಾಕ್ಷಿಯಾಯಿತು.

ದನಿ ಬಂದ ಮೇಲೆ ಡಾಕ್ಟರ್ ಜೊತೆ ನಾನೂ ಹೋದೆ. ಪಾರವ್ವ ಮಗ್ಗದ ಹತ್ತಿರ ಕಂಡಿಕೆಗೆ ನೂಲು ಸುತ್ತುತ್ತಿದ್ದರು. ನಾನು "ಪಾರವ್ವ" ಎಂದು ಕರೆದ ಕೂಡಲೇ ತಿರುಗಿ ಮುಖವರಳಿಸಿದರು.

"ಬಂತೇನ್ರಿ ದನಿ! ನಾ ಅಂದಿದ್ದೆ ನಮ್ಮ ಮನ್ಯಾಗ, ಬರತೈತಿ ಅಂತ."

"ಪಾರವ್ವ, ಅದು ನೆಗಡಿ," ಎಂದೆ. "ಡಾಕ್ಟರು ನೋಡ್ಯಾರ. ಗೌರಕ್ಕ ನನ್ನ ಕಡೆ ಬಂದಿಲ್ಲ. ನಾ ಮಾತಾಡಿದ್ದು ಬರೀ ಪಾರ್ಟ್ ಮಾಡಿದ್ದು."

"ಹೂಂರಿ," ಎಂದರು, ಚಿಕ್ಕ ಮಕ್ಕಳನ್ನು ಸಮಾಧಾನ ಮಾಡುವ ಹಾಗೆ. "ಅಕಿ ಮೈಯಾಗ ಹೊಕ್ಕದ್ದು ನಮಗ ಗೊತ್ತಾಗೂದಿಲ್ರಿ ಬಾಯಾರ. ನನಗೂ ಮೊದಲಿಗೆ ಗೊತ್ತಾಗಿದ್ದಿಲ್ಲ. ನಾ ಸಂತೋಷಲೆ ಉಡಿ ತುಂಬಿ ಕಳಿಸಿದ್ದೆ, ನಿಮ್ಮಂಥ ಮೆತ್ತಗಿನವರ ಹಂತ್ಯಾಕ ಸುಮ್ಮ ಇರತಾಳ ಅಂತ. ನಿಮ್ಮ ಗಂಟಲಾನ ಹಿಡದ್ಲು. ನಿಮಗ ಎರಡ ಮಕ್ಳ ಅದಾವು. ನನಗ ಅಕಿ ರೂಢಿ ಅದಾಳ."

ಡಾಕ್ಟರ್ ಅವರ ಮುಂದೆ ನೆಲದ ಮೇಲೆಯೇ ಕುಳಿತರು. "ಪಾರವ್ವ, ಇನ್ನೊಂದ್ಸಲ ಪ್ರಯತ್ನ ಮಾಡೋಣ. ಈ ಸಲ ಬೇರೆ ಥರ. ಗೌರಕ್ಕನ್ನ ಕಳಿಸೋಣ."

ಪಾರವ್ವ ಕಂಡಿಕೆ ನಿಲ್ಲಿಸಿದರು. ಸಿಟ್ಟಿರಲಿಲ್ಲ, ನಿಜಕ್ಕೂ ಉತ್ತರ ಬೇಕಾದವರ ಹಾಗೆ ಕೇಳಿದರು: "ಯಾರ ಮ್ಯಾಲ ಬಿಡೂಣ್ರಿ?"

ಡಾಕ್ಟರಿಗೆ ಓದಿನ ಯಾವ ಪುಟದಲ್ಲೂ ಈ ಪ್ರಶ್ನೆ ಎದುರಾಗಿರಲಿಲ್ಲ.

ಆಮೇಲೆ ಮಾಡದ ಯತ್ನವಿಲ್ಲ. ಮಾತ್ರೆ ಬದಲಿಸಿದೆವು. ನನ್ನ ಗಂಟಲಿನ ವರದಿ ಓದಿ ಹೇಳಿದೆವು. ಈರಪ್ಪ ಹೇಳಿದರು, ನೆರೆಯವರು ಹೇಳಿದರು. ಪಾರವ್ವ ಎಲ್ಲರ ಮಾತನ್ನೂ ಒಪ್ಪಿಕೊಳ್ಳುವರು, ಕೂಸನ್ನು ಮಾತ್ರ ಮುಟ್ಟರು. ಗೌರಕ್ಕ ಮತ್ತೆ ಬಂದದ್ದು ನಿಜ, ಬೈಯುವುದೂ ನಿಜ. ಮುಂಚಿಗಿಂತ ಜೋರಾಗಿ, ಏಕೆಂದರೆ ಈಗ ಅವಳನ್ನು ಮನೆಯಿಂದ ಕಳಿಸಿದ ಸಿಟ್ಟೂ ಸೇರಿತ್ತು. ಬಚ್ಚಲಲ್ಲಿ ಸವಿತಾಳೇ ನೀರು ಎರೆಯುತ್ತಿದ್ದಳು. ಮೊದಲ ತಂಬಿಗೆಯನ್ನು ಮಾತ್ರ ಪಾರವ್ವ ತಾವೇ ಬಂದು ಪಕ್ಕಕ್ಕೆ ಸುರಿದು ಹೋಗುತ್ತಿದ್ದರಂತೆ. ಕೊಟ್ಟ ಮಾತಿಗೆ ತಪ್ಪಲಿಲ್ಲ.

ಬಾಣಂತನ ಮುಗಿದು ಸವಿತಾ ಮುಧೋಳಕ್ಕೆ ಹೊರಟ ದಿನ ನಾನು ಅಲ್ಲಿದ್ದೆ. ಅಳಿಯ ಗಾಡಿ ತಂದಿದ್ದ. ತೊಟ್ಟಿಲ ಬಟ್ಟೆ, ಅಂಟಿನುಂಡಿಯ ಡಬ್ಬಿ, ಕೂಸಿನ ಕುಲಾವಿ ಎಲ್ಲ ಏರಿಸಿಯಾಗಿತ್ತು. ಸವಿತಾ ಕೂಸನ್ನು ಎತ್ತಿಕೊಂಡು ಮಗ್ಗದ ಕೋಣೆಗೆ ಬಂದಳು.

"ಅವ್ವಾ, ಹೊಂಟೇನಿ. ಒಂದ ಸಲ ಹಿಡಿ."

ಮಗ್ಗ ಓಡುತ್ತಲೇ ಇತ್ತು. ಪಾರವ್ವ ಎದ್ದು ನಿಂತರು, ಕೈಗಳು ಬೆನ್ನ ಹಿಂದೆ. ನಾನು ಪಾರವ್ವನ ಹಿಂದೆ ನಿಂತಿದ್ದರಿಂದ ಸವಿತಾಳಿಗೆ ಕಾಣದ್ದು ನನಗೆ ಕಂಡಿತು. ಒಂದು ಕೈ ಇನ್ನೊಂದರ ಮಣಿಕಟ್ಟನ್ನು ಬಳೆ ಒತ್ತಿ ಗುರುತು ಮೂಡುವಷ್ಟು ಗಟ್ಟಿಯಾಗಿ ಹಿಡಿದಿತ್ತು. ಕೂಸು ಅಜ್ಜಿಯ ಹಣೆಯ ದೊಡ್ಡ ಕುಂಕುಮ ನೋಡಿ ಕೈ ಚಾಚಿತು. ಪಾರವ್ವ ಮುಖವನ್ನಷ್ಟೇ ಸ್ವಲ್ಪ ಮುಂದೆ ತಂದು, ಮತ್ತೆ ಹಿಂದಕ್ಕೆ ತಗೊಂಡರು.

"ಛಲೋ ಇರಲಿ," ಎಂದರು. "ಹೋಗಿ ಬರ್ರಿ."

ಸವಿತಾ ಅಳಲಿಲ್ಲ. ಗಾಡಿ ಹತ್ತುವಾಗ ನನ್ನ ಹತ್ತಿರ ಬಂದು, "ಆ ಹದಿನೈದ ಇಪ್ಪತ್ತ ದಿವಸ ಎತಗೊಂಡ್ಲಲ್ರಿ. ಸಾಕ್ರಿ ನಮಗ," ಎಂದಳು. ನನಗೆ ಸಮಾಧಾನ ಹೇಳುತ್ತಿದ್ದಳು.

ಡಾಕ್ಟರ್ ಮೇದಿನಿ ಈಗ ಬೇರೆ ಊರಲ್ಲಿದ್ದಾರೆ. ಈ ಚಿಕಿತ್ಸೆಯನ್ನು ಅವರು ಕೈಬಿಟ್ಟಿಲ್ಲ, ಬಿಡಲೂ ಬಾರದು. ಬೇರೆಯವರಿಗೆ ಅದರಿಂದ ನೆಮ್ಮದಿ ಸಿಕ್ಕಿದ್ದನ್ನು ನಾನೇ ಆಮೇಲೆ ನೋಡಿದ್ದೇನೆ. ಆದರೆ ಈಗ ಮುಖ ಮಾಡುವ ಮೊದಲೇ ಅವರು ಒಂದು ಪ್ರಶ್ನೆ ಕೇಳುತ್ತಾರೆ: "ಈ ದನಿ ನಿಮ್ಮನ್ನ ಬಿಟ್ಟರೆ ಎಲ್ಲಿಗೆ ಹೋಗುತ್ತೆ ಅಂತೀರಿ?" ಉತ್ತರ ಬರುವ ತನಕ ಕಾಯುತ್ತಾರೆ. ನನ್ನ ಕೆಲಸ ನನಗೆ ಕಲಿಸಿದ್ದೂ ಅದೇ. ದುಃಖವನ್ನು ಒಬ್ಬರಿಂದ ಬಿಡಿಸುವಾಗ, ಅದು ಇನ್ನೊಬ್ಬರ ಮೇಲೆ ಬೀಳುತ್ತದೆಂದು ಅವರು ನಂಬಿದ್ದರೆ, ಪ್ರೀತಿಯುಳ್ಳವರು ಅದನ್ನು ಬಿಡುವುದಿಲ್ಲ. ಕಾಯಿಲೆಯ ಬಗ್ಗೆ ನಾವು ಬಹಳ ಕೇಳಿದ್ದೆವು. ಪಾರವ್ವನ ಒಳ್ಳೆಯತನದ ಬಗ್ಗೆ ಕೇಳಿರಲಿಲ್ಲ.

ಪಾರವ್ವ ಈಗಲೂ ಮಾತ್ರೆಗೆ ಬರುತ್ತಾರೆ. ತಲೆಯಲ್ಲಿ ಹತ್ತಿಯ ಎಳೆ, ಕೊರಳಲ್ಲಿ ಬಿಲ್ಲೆ. ಮೊಮ್ಮಗಳು ಅಂಗನವಾಡಿಗೆ ಹೋಗುವಷ್ಟಾಗಿದ್ದಾಳೆ, ಫೋಟೋ ತೋರಿಸುತ್ತಾರೆ. ಫೋನನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ಫೋಟೋ ಸರಿಸುವಾಗಲೂ ಕೂಸಿನ ಮುಖದ ಮೇಲೆ ಬೆರಳು ತಾಗದಂತೆ ಅಂಚಿನಲ್ಲಿ ಸರಿಸುತ್ತಾರೆ. ಹೊರಡುವಾಗ ಪ್ರತಿ ಸಲ ಮೆಟ್ಟಿಲ ಮೇಲೆ ನಿಂತು ತಿರುಗಿ ಕೇಳುತ್ತಾರೆ:

"ಬಾಯಾರ, ನಿಮ್ಮ ಗಂಟಲಾ ಆರಾಮ ಐತೇನ್ರಿ?"

ಆರಾಮ ಐತಿ ಅನ್ನುತ್ತೇನೆ. ಆ ಒಂದು ಮಾತನ್ನು ನಾನು ಗಟ್ಟಿಯಾಗಿ, ಕೆಳಗಿನ ಟ್ರ್ಯಾಕ್ಟರ್ ಸಪ್ಪಳದ ಮೇಲೂ ಕೇಳುವ ಹಾಗೆ ಹೇಳುತ್ತೇನೆ. ಪಾರವ್ವ ನಿಂತು ಪೂ‌ರ್ತಿ ಕೇಳಿಸಿಕೊಂಡು, ತಲೆಯಾಡಿಸಿ, ಬಿಲ್ಲೆಯನ್ನು ಸೆರಗಿನೊಳಗೆ ಸೇರಿಸಿಕೊಂಡು ಇಳಿದು ಹೋಗುತ್ತಾರೆ.